ಲೈವ್ ಬಿಟ್ಟರು, ಕಡತ ಬಿಡಲಿಲ್ಲ

ದಸರೆ ಮುಗಿಯುತ್ತಿದ್ದಂತೆ ಸಿಂದಗಿ ಸೀಮೆಯ ಹಳ್ಳಿಗಳಿಂದ ಜನ ಹೊರಡುತ್ತಾರೆ. ಕಬ್ಬಿನ ಗ್ಯಾಂಗಿನವರು ಪಶ್ಚಿಮ ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಗಳ ಕಡೆಗೆ, ಗೌಂಡಿ ಕೆಲಸದವರು ಪುಣೆ, ಗೋವಾ, ಮಂಗಳೂರು, ಬೆಂಗಳೂರಿಗೆ. ಯಂಕಂಚಿಯಂಥ ಊರುಗಳಲ್ಲಿ ಮನೆಗೆ ಕೀಲಿ ಜಡಿದು, ಮುದುಕರನ್ನೂ ಶಾಲೆಗೆ ಹೋಗುವ ಮಕ್ಕಳನ್ನೂ ಬಿಟ್ಟು ಹೋಗುವ ಕಾಲ ಅದು. ಸರ್ಕಾರಿ ಪಂಚಾಂಗದಲ್ಲಿ ಗ್ರಾಮಸಭೆಗಳ ಸುಗ್ಗಿಯೂ ಸರಿಯಾಗಿ ಅದೇ ಹೊತ್ತಿಗೆ ಬರುತ್ತದೆ. ಉದ್ಯೋಗ ಖಾತ್ರಿಯ ಕೂಲಿ ಬಜೆಟ್ಟಿನ ತಯಾರಿ ಶುರುವಾಗುತ್ತಿದ್ದದ್ದು ಅಕ್ಟೋಬರ್ 2ರ ಸಭೆಯಿಂದ. ಪಂಚಾಯಿತಿಯ ಮುಂದಿನ ವರ್ಷದ ಯೋಜನೆಗೆಂದು ಕೇಂದ್ರ ಸರ್ಕಾರ 2018ರಲ್ಲಿ ಆರಂಭಿಸಿದ ಜನ ಯೋಜನೆ ಅಭಿಯಾನ ನಡೆದದ್ದೂ ಅಕ್ಟೋಬರ್ 2ರಿಂದ ಡಿಸೆಂಬರ್ ಕೊನೆಯವರೆಗೆ. ಅಂದರೆ ಯಾರಿಗೆ ಊರಲ್ಲೇ ಕೆಲಸ ಕೊಡಬೇಕೆಂದು ಸಭೆ ಕೂಡುತ್ತದೋ ಅವರು ಆ ಹೊತ್ತಿಗೆ ಗಡಿ ದಾಟಿರುತ್ತಾರೆ.

ಅವರ ಕೈಯಲ್ಲಿ ಈಗ ಮೊಬೈಲ್ ಇದೆ. ಸಮುದಾಯ ಭವನದ ಮೂಲೆಯಲ್ಲಿ ಊರ ಹುಡುಗನೊಬ್ಬ ಫೋನ್ ಎತ್ತಿ ಹಿಡಿದು ಫೇಸ್‌ಬುಕ್ಕಿನಲ್ಲಿ ‘ಲೈವ್ ಬಿಟ್ಟರೆ’ ಕಬ್ಬಿನ ಗದ್ದೆಯ ಬದುವಿನ ಮೇಲೆ ಕುಳಿತವನಿಗೂ ತನ್ನ ಊರಿನ ಗ್ರಾಮಸಭೆ ಕಾಣುತ್ತದೆ. ಇದು ಸಣ್ಣ ಸಂಗತಿಯಲ್ಲ. ಡಂಗುರ ಸಾರಿ, ನೋಟಿಸ್ ಹಚ್ಚಿ, ಕರಪತ್ರ ಹಂಚಿ ಕರೆದರೂ ಸಭೆಗೆ ಬಾರದ ಜನ, ಫೋನಿನಲ್ಲಿ ಅದೇ ಸಭೆಯನ್ನು ಅರ್ಧ ತಾಸು ನೋಡುತ್ತಾರೆ. ಜಗಳವಾದರೆ ಪೂರ್ತಿ ನೋಡುತ್ತಾರೆ.

ಆದರೆ ನೋಡುವುದಕ್ಕೂ ಹಾಜರಾಗುವುದಕ್ಕೂ ಕಾನೂನಿನಲ್ಲಿ ದೊಡ್ಡ ಅಂತರವಿದೆ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ ಹೇಳುವ ಕೋರಂ ಮೈಯೊಡ್ಡಿ ಬಂದವರದು: ಪಂಚಾಯಿತಿ ವ್ಯಾಪ್ತಿಯ ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ ನೂರು ಜನ, ಯಾವುದು ಕಡಿಮೆಯೋ ಅದು, ಬಂದವರಲ್ಲಿ ಶೇ 30ರಷ್ಟು ಹೆಣ್ಣುಮಕ್ಕಳಿರಬೇಕು. ಲೈವ್‌ನಲ್ಲಿ ಸಾವಿರ ಜನ ಕಣ್ಣಿಟ್ಟಿದ್ದರೂ ಸಭೆಯಲ್ಲಿ ಕೋರಂ ಇಲ್ಲದಿದ್ದರೆ ಆ ಸಭೆ ಮುಂದಕ್ಕೆ ಹೋಗಬೇಕು. ‘ನಮ್ಮ ಮನಿ ಬಿಲ್ ಯಾವಾಗ ಹಾಕ್ತೀರಿ ಸಾಹೇಬ್ರ’ ಎಂದು ದೂರದಿಂದ ಬರೆದ ಕಮೆಂಟ್ ಪರದೆಯ ಮೇಲೆ ಹಾದು ಹೋಗುತ್ತದೆ. ನೋಡಲ್ ಅಧಿಕಾರಿ ಅದನ್ನು ಓದಬೇಕೆಂಬ ನಿಯಮವಿಲ್ಲ. ನಡಾವಳಿ ಪುಸ್ತಕಕ್ಕೆ ಅದು ಏರುವುದೂ ಇಲ್ಲ.

ಇನ್ನೊಂದು ಮಾತು. ಬಸವನಬಾಗೇವಾಡಿ ನಮ್ಮ ವಿಜಯಪುರ ಜಿಲ್ಲೆಯದೇ ಆದ್ದರಿಂದ ಈ ಭಾಗದ ವೇದಿಕೆಗಳಲ್ಲಿ ಅನುಭವ ಮಂಟಪದ ಹೆಸರೆತ್ತದೆ ಯಾವ ಸಭೆಯೂ ಆರಂಭವಾಗುವುದಿಲ್ಲ. ಸನ್ಮಾನ, ಸ್ವಾಗತ, ಪ್ರಾಸ್ತಾವಿಕ ನುಡಿ, ಅನುಭವ ಮಂಟಪ ಎಲ್ಲವೂ ಚೆನ್ನಾಗಿ ಲೈವ್ ಆಗುತ್ತವೆ. ಜಮಾ ಖರ್ಚು ಓದುವ ಹೊತ್ತಿಗೆ ಮೊಬೈಲಿನ ಬ್ಯಾಟರಿ ಮುಗಿದಿರುತ್ತದೆ.

ಸರ್ಕಾರದ ಸಭೆಗಳನ್ನು ಸಾಮಾಜಿಕ ಜಾಲತಾಣದಲ್ಲಿ ತೋರಿಸಬೇಕೆ ಬೇಡವೆ ಎಂಬ ವಾದ ಈಗ ಹಳತಾಯಿತು. ಯಾರೂ ಅನುಮತಿ ಕೇಳದೆ ತೋರಿಸುತ್ತಿದ್ದಾರೆ. ಕೆಡಿಪಿ ಸಭೆಯಲ್ಲಿ ಶಾಸಕರು ಅಧಿಕಾರಿಯನ್ನು ತರಾಟೆಗೆ ತೆಗೆದುಕೊಂಡ ಒಂದು ನಿಮಿಷದ ತುಣುಕು ಸಂಜೆಯೊಳಗೆ ಎಲ್ಲ ಗುಂಪುಗಳಿಗೂ ಮುಟ್ಟುತ್ತದೆ, ಹಿನ್ನೆಲೆಗೆ ಸಿನಿಮಾ ಸಂಗೀತವೂ ಸೇರಿರುತ್ತದೆ. ಆ ಒಂದು ನಿಮಿಷದ ಹಿಂದೆ ಮುಂದೆ ಏನಾಯಿತು, ಅಧಿಕಾರಿ ಕೊಟ್ಟ ಉತ್ತರವೇನು, ಮುಂದಿನ ಸಭೆಯಲ್ಲಿ ಅನುಪಾಲನಾ ವರದಿ ಬಂತೆ ಎಂಬುದನ್ನು ಯಾರೂ ಹಂಚುವುದಿಲ್ಲ. ನನ್ನ ತಕರಾರು ಇಲ್ಲಿಯೇ. ನಮಗೆ ಸಿಗುತ್ತಿರುವುದು ತುಣುಕು. ಬೇಕಾದದ್ದು ಕತ್ತರಿ ಬೀಳದ ಪೂರ್ತಿ ಸಭೆ, ಎರಡು ವರ್ಷದ ಮೇಲೆ ಹುಡುಕಿದರೂ ಸಿಗುವಂತೆ ಸಾರ್ವಜನಿಕರ ಸ್ವತ್ತಾಗಿ ಉಳಿದ ಸಭೆ. ನೇರಪ್ರಸಾರ ಅದರಲ್ಲಿ ಒಂದು ಪಾಲು, ಅದೂ ಸಣ್ಣ ಪಾಲು.

ಈ ವ್ಯತ್ಯಾಸ ಅರ್ಥವಾಗಲು ವಿಧಾನಸೌಧದ ಕಥೆ ನೋಡಬೇಕು. ಭಾರತದ ಸಂಸತ್ತಿನೊಳಗಿಂದ ಟೆಲಿವಿಷನ್ ನೇರಪ್ರಸಾರ ಮೊದಲು ಆದದ್ದು 1989ರ ಡಿಸೆಂಬರ್ 20ರಂದು, ಜಂಟಿ ಅಧಿವೇಶನಕ್ಕೆ ರಾಷ್ಟ್ರಪತಿಗಳು ಮಾಡಿದ ಭಾಷಣ. (ಬ್ರಿಟನ್ನಿನ ಹೌಸ್ ಆಫ್ ಕಾಮನ್ಸ್ ಕ್ಯಾಮೆರಾ ಒಳಗೆ ಬಿಟ್ಟುಕೊಂಡದ್ದು ಅದಕ್ಕೆ ಒಂದೇ ತಿಂಗಳು ಮೊದಲು, ನವೆಂಬರ್ 21ಕ್ಕೆ. ಈ ವಿಷಯದಲ್ಲಿ ನಾವು ಬಹಳ ಹಿಂದೆ ಬಿದ್ದವರೇನಲ್ಲ.) 2006ರ ಜುಲೈನಲ್ಲಿ ಲೋಕಸಭೆಗೇ ಒಂದು ವಾಹಿನಿ ಬಂತು, 2021ರ ಸೆಪ್ಟೆಂಬರ್‌ನಲ್ಲಿ ಅದು ರಾಜ್ಯಸಭೆಯ ವಾಹಿನಿಯೊಂದಿಗೆ ಸೇರಿ ಸಂಸದ್ ಟಿವಿ ಆಯಿತು. ಕರ್ನಾಟಕದ ವಿಧಾನಸಭೆಯಲ್ಲಿ ಖಾಸಗಿ ವಾಹಿನಿಗಳ ಕ್ಯಾಮೆರಾಗಳಿಗೂ ಜಾಗವಿತ್ತು. 2012ರ ಫೆಬ್ರುವರಿ 7ರಂದು ಸದನದಲ್ಲಿ ಕುಳಿತ ಸಚಿವರು ಮೊಬೈಲಿನಲ್ಲಿ ಅಶ್ಲೀಲ ದೃಶ್ಯ ನೋಡುತ್ತಿದ್ದುದು ಸುದ್ದಿವಾಹಿನಿಯ ಕ್ಯಾಮೆರಾಕ್ಕೆ ಸಿಕ್ಕಿತು. ಮರುದಿನ ಮೂವರು ಸಚಿವರು ರಾಜೀನಾಮೆ ಕೊಟ್ಟರು. ಸದನದ ಅಧಿಕೃತ ಕ್ಯಾಮೆರಾ ಮಾತಾಡುವವರ ಮೇಲೆ ಇರುತ್ತದೆ, ಗದ್ದಲವಾದರೆ ಸಭಾಧ್ಯಕ್ಷರ ಕಡೆ ತಿರುಗುತ್ತದೆ. ಸುಮ್ಮನೆ ಕುಳಿತವರ ಕೈಯಲ್ಲಿ ಏನಿದೆ ಎಂದು ಇಣುಕುವುದು ಅದರ ಕೆಲಸವಲ್ಲ.

2019ರ ಅಕ್ಟೋಬರ್‌ನಲ್ಲಿ ಆಗಿನ ಸಭಾಧ್ಯಕ್ಷ ವಿಶ್ವೇಶ್ವರ ಹೆಗಡೆ ಕಾಗೇರಿ ಅವರು ಖಾಸಗಿ ವಾಹಿನಿಗಳ ಕ್ಯಾಮೆರಾಗಳಿಗೆ ಸದನದ ಬಾಗಿಲು ಮುಚ್ಚಿದರು. ಲೋಕಸಭೆಯಲ್ಲಿ ಇರುವ ಪದ್ಧತಿಯೇ ಇಲ್ಲಿಯೂ, ದೂರದರ್ಶನದ ದೃಶ್ಯಗಳನ್ನು ಎಲ್ಲರೂ ಪಡೆದುಕೊಳ್ಳಬಹುದು ಎಂಬುದು ಕೊಟ್ಟ ಸಮಜಾಯಿಷಿ. ಪತ್ರಕರ್ತರು ಪ್ರತಿಭಟಿಸಿದರು. ಪ್ರಸಾರ ನಿಂತಿತೆ? ಇಲ್ಲ. ಕಲಾಪ ಈಗಲೂ ಮೊಬೈಲಿನಲ್ಲಿ ಸಿಗುತ್ತದೆ. ಬದಲಾದದ್ದು ಒಂದೇ: ಕ್ಯಾಮೆರಾ ಎತ್ತ ತಿರುಗಬೇಕೆಂದು ಹೇಳುವವರು. ಅಧಿಕಾರದಲ್ಲಿ ಇರುವವರಿಗೆ ಕ್ಯಾಮೆರಾ ಎಂದರೆ ಭಯವಿಲ್ಲ, ಬೇರೆಯವರ ಕೈಯಲ್ಲಿರುವ ಕ್ಯಾಮೆರಾ ಎಂದರೆ ಮಾತ್ರ ಇರುಸುಮುರುಸು. ಪಂಚಾಯಿತಿ ಮಟ್ಟದಲ್ಲೂ ಇದೇ ನಡೆ. ಅಧ್ಯಕ್ಷರ ಕಡೆಯವರು ಲೈವ್ ಬಿಟ್ಟರೆ ಪಾರದರ್ಶಕತೆ, ಎದುರು ಪಾರ್ಟಿಯ ಹುಡುಗ ಫೋನ್ ಎತ್ತಿದರೆ ‘ಸರ್ಕಾರಿ ಕೆಲಸಕ್ಕೆ ಅಡ್ಡಿ’.

ಮಾರ್ಗರೇಟ್ ಥ್ಯಾಚರ್ ಹೆಸರು ಕೇಳಿದರೆ ಗ್ರಾಮ ಪಂಚಾಯಿತಿ ನೆನಪಾಗುವುದಿಲ್ಲ. ಆದರೆ 1960ರ ಫೆಬ್ರುವರಿಯಲ್ಲಿ ಬ್ರಿಟನ್ನಿನ ಸಂಸತ್ತಿನಲ್ಲಿ ಆಕೆ ಮಾಡಿದ ಮೊದಲ ಭಾಷಣವೇ ಸ್ಥಳೀಯ ಸಂಸ್ಥೆಗಳ ಸಭೆಗೆ ಜನರನ್ನೂ ಪತ್ರಕರ್ತರನ್ನೂ ಬಿಡಬೇಕೆಂಬ ಖಾಸಗಿ ಮಸೂದೆಯ ಮೇಲೆ. ಅದು ಕಾಯ್ದೆಯೂ ಆಯಿತು. ಅಲ್ಲಿಂದ 54 ವರ್ಷಕ್ಕೆ, 2014ರಲ್ಲಿ, ಇಂಗ್ಲೆಂಡಿನಲ್ಲಿ ಆ ಸಭೆಗಳನ್ನು ಚಿತ್ರೀಕರಿಸುವ ಹಕ್ಕು ಸಾಮಾನ್ಯ ಜನರಿಗೆ ನಿಯಮದ ಮೂಲಕ ಸಿಕ್ಕಿತು. ಅದೇ ದೇಶದ ಚೆಷೈರ್ ಸೀಮೆಯ ಹ್ಯಾಂಡ್‌ಫರ್ತ್ ಎಂಬ ಊರಿನ ಪ್ಯಾರಿಷ್ ಕೌನ್ಸಿಲ್, ಅಂದರೆ ನಮ್ಮ ಗ್ರಾಮ ಪಂಚಾಯಿತಿಯಂಥದ್ದೇ, ಕೋವಿಡ್ ಕಾಲದಲ್ಲಿ 2020ರ ಡಿಸೆಂಬರ್ 10ರಂದು ಝೂಮ್‌ನಲ್ಲಿ ಸಭೆ ನಡೆಸಿತು. ಸದಸ್ಯರು ಬಯ್ದಾಡಿಕೊಂಡರು, ಸಭೆ ನಡೆಸಿಕೊಡುತ್ತಿದ್ದ ಜಾಕಿ ವೀವರ್ ಎಂಬ ಮಹಿಳೆ ಅಧ್ಯಕ್ಷರನ್ನೇ ಪರದೆಯಿಂದ ಹೊರಹಾಕಿದರು. ಎರಡು ತಿಂಗಳ ಮೇಲೆ ಅದರ ತುಣುಕು ಜಗತ್ತೆಲ್ಲ ಹರಿದಾಡಿತು. ಆ ಸಭೆಯ ಕಾರ್ಯಸೂಚಿಯಲ್ಲಿ ಏನಿತ್ತು ಎಂದು ನಕ್ಕವರಲ್ಲಿ ಯಾರನ್ನಾದರೂ ಕೇಳಿ ನೋಡಿ.

ನಮ್ಮಲ್ಲಿ ಈ ಪಾಠವನ್ನು ಅತ್ಯಂತ ದುಬಾರಿಯಾಗಿ ಕಲಿತದ್ದು ಕರ್ನಾಟಕ ಹೈಕೋರ್ಟ್. ನ್ಯಾಯಾಲಯವನ್ನು ಸರ್ಕಾರಿ ಸಭೆ ಎನ್ನಲಾಗದು, ನಿಜ. ಆದರೆ ಸಾರ್ವಜನಿಕರಿಗೆ ತೆರೆದ ಕಲಾಪವನ್ನು ಯೂಟ್ಯೂಬಿಗೆ ಬಿಟ್ಟರೆ ಏನೇನಾಗುತ್ತದೆ ಎಂಬುದಕ್ಕೆ ಈ ರಾಜ್ಯದಲ್ಲಿ ಅದಕ್ಕಿಂತ ತುಂಬಿದ ಉದಾಹರಣೆ ಇಲ್ಲ. ನೇರಪ್ರಸಾರ ಬೇಕೆಂದು ಸುಪ್ರೀಂ ಕೋರ್ಟ್ ಸ್ವಪ್ನಿಲ್ ತ್ರಿಪಾಠಿ ಪ್ರಕರಣದಲ್ಲಿ ಹೇಳಿದ್ದು 2018ರ ಸೆಪ್ಟೆಂಬರ್ 26ಕ್ಕೆ. ಹೇಳಿದ ಸುಪ್ರೀಂ ಕೋರ್ಟೇ ತನ್ನ ಸಂವಿಧಾನ ಪೀಠದ ಕಲಾಪ ತೋರಿಸಲು ನಾಲ್ಕು ವರ್ಷ ತೆಗೆದುಕೊಂಡಿತು. ಗುಜರಾತ್ ಹೈಕೋರ್ಟ್ 2020ರ ಅಕ್ಟೋಬರ್‌ನಲ್ಲಿ ಮೊದಲ ಹೆಜ್ಜೆ ಇಟ್ಟಿತು. ಕರ್ನಾಟಕ ಹೈಕೋರ್ಟ್ 2021ರ ಮೇ 31ರಂದು ಪ್ರಾಯೋಗಿಕವಾಗಿ ಶುರುಮಾಡಿ, 2022ರ ಜನವರಿ 1ರಿಂದ ತನ್ನದೇ ನಿಯಮಾವಳಿ ಜಾರಿಗೆ ತಂದಿತು.

ನಿಯಮ ಬಂದು ಆರು ವಾರವಾಗಿರಲಿಲ್ಲ, ಹಿಜಾಬ್ ಪ್ರಕರಣ ಪೂರ್ಣಪೀಠದ ಮುಂದೆ ಬಂತು. ಕೋರ್ಟಿನ ಮೆಟ್ಟಿಲು ಹತ್ತದ ಜನರೆಲ್ಲ ಫೆಬ್ರುವರಿಯಲ್ಲಿ ವಾದ ಪ್ರತಿವಾದ ಕೇಳಿದರು. ಹೊರಗೆ ಊರೂರಲ್ಲಿ ಉದ್ವೇಗವಿತ್ತು. ಪ್ರಸಾರದಿಂದ ಅಶಾಂತಿ ಹೆಚ್ಚುತ್ತಿದೆ, ನಿಲ್ಲಿಸಿ ಎಂದು ಅರ್ಜಿದಾರರ ಪರ ಹಿರಿಯ ವಕೀಲ ರವಿವರ್ಮ ಕುಮಾರ್ ಕೋರಿದರು. ಎದುರು ಪಕ್ಷದ ನಿಲುವನ್ನೂ ಜನ ಕೇಳಲಿ ಎಂದು ಪೀಠ ಒಪ್ಪಲಿಲ್ಲ. ನನಗೆ ಈ ಪ್ರಸಂಗದಲ್ಲಿ ಇಬ್ಬರ ಮಾತೂ ಸರಿ ಎನಿಸುತ್ತದೆ. ನ್ಯಾಯಮೂರ್ತಿಗಳು ವಕೀಲರನ್ನು ಪರೀಕ್ಷಿಸಲು ಹಾಕುವ ಪ್ರಶ್ನೆಯೇ ತೀರ್ಪು ಎಂಬಂತೆ ಪೋಸ್ಟರ್ ಆಗಿ ಓಡಾಡಿದ್ದನ್ನು ನೋಡಿದವರಿಗೆ ವಕೀಲರ ಆತಂಕ ತಿಳಿದೀತು. ಮುಚ್ಚಿದ ಕೋಣೆಯ ವರದಿಗಳನ್ನೇ ನಂಬಿ ಕೂರಬೇಕಾಗಿದ್ದರೆ ಅನುಮಾನ ಇನ್ನೂ ದಟ್ಟವಾಗುತ್ತಿತ್ತು ಎಂಬುದೂ ಅಷ್ಟೇ ದಿಟ.

2023ರ ಡಿಸೆಂಬರ್‌ನಲ್ಲಿ ಕಿಡಿಗೇಡಿಗಳು ವಿಡಿಯೊ ಕಾನ್ಫರೆನ್ಸಿಗೆ ನುಗ್ಗಿ ಅಶ್ಲೀಲ ದೃಶ್ಯ ತೋರಿಸಿದ್ದರಿಂದ ಕೆಲಕಾಲ ಎಲ್ಲವನ್ನೂ ಬಂದ್ ಮಾಡಬೇಕಾಯಿತು. ಅದು ಬಾಗಿಲ ಚಿಲಕದ ಸಮಸ್ಯೆ, ಬಿಡಿ. ಮರುವರ್ಷದ್ದು ಒಳಗಿನದು. 2024ರ ಸೆಪ್ಟೆಂಬರ್‌ನಲ್ಲಿ ನ್ಯಾಯಮೂರ್ತಿಯೊಬ್ಬರು ಕಲಾಪದ ನಡುವೆ ಬೆಂಗಳೂರಿನ ಒಂದು ಬಡಾವಣೆಯ ಬಗ್ಗೆ, ಹಾಗೂ ಮಹಿಳಾ ವಕೀಲರೊಬ್ಬರನ್ನು ಉದ್ದೇಶಿಸಿ ಆಡಿದ ಮಾತುಗಳ ತುಣುಕು ದೇಶದ ತುಂಬ ಓಡಾಡಿತು. ಸೆಪ್ಟೆಂಬರ್ 20ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ನ್ಯಾಯಮೂರ್ತಿಗಳು ತೆರೆದ ಕೋರ್ಟಿನಲ್ಲೇ ವಿಷಾದ ವ್ಯಕ್ತಪಡಿಸಿದರು. 25ರಂದು ಸುಪ್ರೀಂ ಕೋರ್ಟ್ ಪ್ರಕರಣ ಮುಗಿಸಿತು. ಮುಗಿಸುವಾಗ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರು ಹೇಳಿದ್ದರ ಸಾರ: ಬೆಳಕಿನಿಂದ ತೊಂದರೆಯಾದರೆ ಇನ್ನಷ್ಟು ಬೆಳಕು ಬಿಡಬೇಕು, ಬಾಗಿಲು ಮುಚ್ಚಬಾರದು. ಇದಕ್ಕೆ ಒಂದು ದಿನ ಮೊದಲು ಬೆಂಗಳೂರಿನಲ್ಲಿ ವಕೀಲರ ಸಂಘದ ಅರ್ಜಿಯ ಮೇಲೆ ಹೈಕೋರ್ಟ್, ನೇರಪ್ರಸಾರದ ತುಣುಕುಗಳನ್ನು ಕತ್ತರಿಸಿ ಹಂಚದಂತೆ ಕೆಲವು ಯೂಟ್ಯೂಬ್ ವಾಹಿನಿಗಳಿಗೆ ತಡೆ ಹೇರಿತ್ತು.

ಎರಡು ಆದೇಶಗಳನ್ನೂ ಅಕ್ಕಪಕ್ಕ ಇಟ್ಟು ನೋಡಿ. ಆ ತುಣುಕು ಇಲ್ಲದಿದ್ದರೆ ಆ ಮಾತುಗಳಿಗೆ ವಿಷಾದವೂ ಇರುತ್ತಿರಲಿಲ್ಲ. ಆದ್ದರಿಂದ ತುಣುಕೆಲ್ಲ ಕೆಟ್ಟದ್ದು ಎಂದು ನಾನು ಹೇಳಲಾರೆ. ತುಣುಕಿನ ಹಿಂದೆ ಪೂರ್ತಿ ವಿಡಿಯೊ ಇದ್ದದ್ದರಿಂದಲೇ ಅದು ಸುಳ್ಳಲ್ಲ ಎಂದು ಯಾರೂ ಪರೀಕ್ಷಿಸಬಹುದಿತ್ತು. ನಮ್ಮ ಕೆಡಿಪಿ ಸಭೆಗಳ, ಗ್ರಾಮಸಭೆಗಳ ತುಣುಕುಗಳಿಗೆ ಈ ಬೆನ್ನೆಲುಬು ಇಲ್ಲ. ಶಾಸಕರು ಬೈದದ್ದು ನಿಜವೋ, ಬೈಯುವ ಮುನ್ನ ಅಧಿಕಾರಿ ಸುಳ್ಳು ಲೆಕ್ಕ ಕೊಟ್ಟಿದ್ದು ನಿಜವೋ, ನೋಡಲು ಮೂಲವೇ ಇಲ್ಲ.

ಮೂಲ ಇರಬೇಕಿತ್ತು ಎಂಬುದು ಹೊಸ ಬೇಡಿಕೆಯೇನಲ್ಲ. ಉದ್ಯೋಗ ಖಾತ್ರಿಯ ಸಾಮಾಜಿಕ ಪರಿಶೋಧನೆಯ ಗ್ರಾಮಸಭೆಯನ್ನು ಪೂರ್ತಿ ಚಿತ್ರೀಕರಿಸಿ, ತಿದ್ದದೆ, ಯೋಜನೆಯ ಜಾಲತಾಣಕ್ಕೆ ಏರಿಸಬೇಕೆಂದು ಸರ್ಕಾರವೇ ವಿಧಿಸಿತ್ತು. ಮಾಹಿತಿ ಹಕ್ಕು ಕಾಯ್ದೆ 2005ರ 4(1)(ಬಿ) ಕಲಮು ಇನ್ನೂ ಮೂಲಕ್ಕೆ ಹೋಗುತ್ತದೆ: ತನ್ನಲ್ಲಿ ಯಾವ ಯಾವ ಸಮಿತಿ, ಮಂಡಳಿಗಳಿವೆ, ಅವುಗಳ ಸಭೆಗೆ ಜನರು ಬರಬಹುದೇ, ನಡಾವಳಿ ಜನರಿಗೆ ಸಿಗುತ್ತದೆಯೇ ಎಂದು ಪ್ರತಿಯೊಂದು ಕಚೇರಿಯೂ ಯಾರೂ ಕೇಳದೆಯೇ ಪ್ರಕಟಿಸಬೇಕು. ವಿಜಯಪುರದಿಂದ ಸಿಂದಗಿಯವರೆಗೆ ಯಾವ ಕಚೇರಿಗೆ ಹೋದರೂ ಗೋಡೆಯ ಮೇಲೆ ಮಾಹಿತಿ ಅಧಿಕಾರಿಯ ಹೆಸರಿನ ಹಲಗೆ ಕಾಣುತ್ತದೆ. ಈ ಕಲಮಿನ ಹಲಗೆ ನನ್ನ ಕಣ್ಣಿಗೆ ಬಿದ್ದದ್ದಿಲ್ಲ.

ವಿಡಿಯೊ ಮಾಡುವುದಿಲ್ಲವೇ? ಎಷ್ಟೋ ಕಡೆ ಮಾಡಿಸುತ್ತಾರೆ. ಮದುವೆ ಫೋಟೊ ತೆಗೆಯುವ ಸ್ಟುಡಿಯೊದವನೇ ಬರುತ್ತಾನೆ. ಹಾರ ಹಾಕುವುದನ್ನು, ದೀಪ ಹಚ್ಚುವುದನ್ನು ಮದುವೆಯ ಅಕ್ಷತೆಯಷ್ಟೇ ಶ್ರದ್ಧೆಯಿಂದ ಹಿಡಿಯುತ್ತಾನೆ. ಬಿಲ್ಲಿನ ಜೊತೆ ಪೆನ್‌ಡ್ರೈವ್ ಕೊಟ್ಟು ಹೋಗುತ್ತಾನೆ. ಅದು ಕಡತದ ಜೊತೆ ಅಲಮಾರಿಗೆ ಸೇರುತ್ತದೆ. ಪಿಡಿಒ ವರ್ಗವಾದರೆ ಅಲಮಾರಿಯ ಕೀಲಿ ಎಲ್ಲಿದೆ ಎಂದು ಹುಡುಕಬೇಕು. ಯಾವುದೋ ಒಂದು ಪಂಚಾಯಿತಿಯ ದೂರಲ್ಲ ಇದು, ದಾಖಲೆಯನ್ನು ಬಿಲ್ಲಿನ ಲಗತ್ತು ಎಂದು ತಿಳಿದ ವ್ಯವಸ್ಥೆಯಲ್ಲಿ ಹೀಗಲ್ಲದೆ ಹೇಗೂ ಆಗದು.

ಈಗ ಯಂತ್ರವೂ ಬಂದಿದೆ. ಗ್ರಾಮಸಭೆಯ ಧ್ವನಿ, ವಿಡಿಯೊ ಕೊಟ್ಟರೆ ಕೃತಕ ಬುದ್ಧಿಮತ್ತೆಯಿಂದ ನಡಾವಳಿ ಬರೆದುಕೊಡುವ ‘ಸಭಾಸಾರ್’ ಎಂಬ ಸಾಧನವನ್ನು ಕೇಂದ್ರ ಪಂಚಾಯತ್ ರಾಜ್ ಸಚಿವಾಲಯ 2025ರ ಆಗಸ್ಟ್ 14ರಂದು ಬಿಡುಗಡೆ ಮಾಡಿತು. ನಾಲ್ಕು ಜನ ಒಟ್ಟಿಗೆ ಕೂಗಾಡುವಾಗ, ಮೈಕು ಕೀಂ ಎನ್ನುವಾಗ, ಸಿಂದಗಿ ಕಡೆಯ ಮಾತಿನ ಓಟದಲ್ಲಿ ಯಂತ್ರ ಏನನ್ನು ಹಿಡಿದೀತು ಎಂಬುದು ಒಂದು ಪ್ರಶ್ನೆ. ಅದಕ್ಕಿಂತ ಮುಖ್ಯವಾದದ್ದು, ಮೂಲ ಧ್ವನಿಯನ್ನು ಸಾರದ ಜೊತೆಗೇ ಜನರಿಗೆ ಕೊಡುತ್ತಾರೆಯೇ ಎಂಬುದು. ಸಾರ ಮಾತ್ರ ಉಳಿದರೆ, ಠರಾವು ಪುಸ್ತಕದಲ್ಲಿ ‘ಚರ್ಚಿಸಿ ಸರ್ವಾನುಮತದಿಂದ ತೀರ್ಮಾನಿಸಲಾಯಿತು’ ಎಂದು ಬರೆಯುತ್ತಿದ್ದ ಕೈಯ ಬದಲು ಯಂತ್ರ ಬರೆಯುತ್ತದೆ, ಅಷ್ಟೆ.

ಇಷ್ಟೆಲ್ಲ ಹೇಳಿದ ಮೇಲೆ ಕ್ಯಾಮೆರಾ ಬೇಡದ ಜಾಗದ ಬಗ್ಗೆಯೂ ಹೇಳಲೇಬೇಕು. 1994ರ ಡಿಸೆಂಬರ್ 2ರಂದು ರಾಜಸ್ಥಾನದ ಕೋಟ್ ಕಿರಾನಾ ಎಂಬ ಹಳ್ಳಿಯಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ನಡೆಸಿದ ಮೊದಲ ಜನಸುನವಾಯಿಯಲ್ಲಿ, ಅಂದರೆ ಬಹಿರಂಗ ವಿಚಾರಣೆಯಲ್ಲಿ, ಹಾಜರಿ ಪಟ್ಟಿಯನ್ನು ಗಟ್ಟಿಯಾಗಿ ಓದಿದರು. ಮಾಹಿತಿ ಹಕ್ಕಿನ ಚಳವಳಿ ಬೆಳೆದದ್ದು ಅಂಥ ಓದಿನಿಂದ. ಅದು ಪರಸ್ಪರ ಗುರುತಿದ್ದ ಜನರ ನಡುವಿನ ಓದು. ಅದೇ ಪಟ್ಟಿ, ಫಲಾನುಭವಿಗಳ ಜಾತಿ, ಅಂಗವಿಕಲತೆ, ವಿಧವೆ ಎಂಬ ಷರಾ, ಆಧಾರ್ ಸಂಖ್ಯೆ ಸಮೇತ ಯೂಟ್ಯೂಬಿನಲ್ಲಿ ಕಾಯಮ್ಮಾಗಿ ಉಳಿದರೆ ಬೇರೆ ಮಾತು. ಊರಿಗೆ ಗೊತ್ತಿರುವುದು ಲೋಕಕ್ಕೂ ಗೊತ್ತಿರಬೇಕೆಂದಿಲ್ಲ. ಲೈಂಗಿಕ ದೌರ್ಜನ್ಯ, ದಾಂಪತ್ಯ ವ್ಯಾಜ್ಯಗಳಂಥ ಪ್ರಕರಣಗಳನ್ನು ನ್ಯಾಯಾಲಯಗಳು ನೇರಪ್ರಸಾರದಿಂದ ಹೊರಗಿಟ್ಟಿವೆ. ಪಂಚಾಯಿತಿಗೆ ಅಂಥ ಗೆರೆಯನ್ನು ಯಾರೂ ಎಳೆದುಕೊಟ್ಟಿಲ್ಲ.

ಮಕ್ಕಳ ಗ್ರಾಮಸಭೆ ಇನ್ನೂ ಸೂಕ್ಷ್ಮ. ನಮ್ಮ ರಾಜ್ಯದ ಒಳ್ಳೆಯ ಪದ್ಧತಿಗಳಲ್ಲಿ ಅದೂ ಒಂದು. ಶಾಲೆಯ ಶೌಚಾಲಯಕ್ಕೆ ನೀರಿಲ್ಲ, ಗೇಟಿನ ಎದುರಿಗೇ ಸಾರಾಯಿ ಮಾರುತ್ತಾರೆ ಎಂದು ಆರನೇ ತರಗತಿಯ ಹುಡುಗಿ ಮೈಕು ಹಿಡಿದು ಹೇಳಿದರೆ ರೀಲ್ ಓಡುತ್ತದೆ, ‘ದಿಟ್ಟ ಬಾಲಕಿ’ ಎಂಬ ತಲೆಬರಹ ಬೀಳುತ್ತದೆ. ಮರುದಿನ ಆಕೆ ಹೋಗಬೇಕಾದದ್ದು ಅದೇ ಶಾಲೆಗೆ, ಅದೇ ಅಂಗಡಿಯ ಮುಂದಿನಿಂದ. ನೋಡಿ ಮೆಚ್ಚಿದ ಲಕ್ಷ ಜನರಲ್ಲಿ ಒಬ್ಬರೂ ಆ ದಾರಿಯಲ್ಲಿ ಜೊತೆಗಿರುವುದಿಲ್ಲ. ದೊಡ್ಡ ಹೆಂಗಸರೂ ಹಾಗೆಯೇ. ಕೂಲಿ ಹಣ ತಿಂದವರ ಹೆಸರು ಹೇಳಲು ಎದ್ದ ಹೆಣ್ಣುಮಗಳು ಎದುರಿಗೆ ಮೂರು ಮೊಬೈಲ್ ಕಂಡರೆ ಸೆರಗು ಸರಿಮಾಡಿಕೊಂಡು ಕುಳಿತುಬಿಡಬಹುದು. ಕ್ಯಾಮೆರಾ ಅಧಿಕಾರಿಯ ಬಾಯಿಯನ್ನು ಎಷ್ಟು ಹದ್ದುಬಸ್ತಿನಲ್ಲಿ ಇಡುತ್ತದೋ ಬಡವರ ಬಾಯಿಯನ್ನು ಅದಕ್ಕಿಂತ ಹೆಚ್ಚು ಕಟ್ಟುತ್ತದೆ.

ಮೇಲಿನ ಹಂತದಲ್ಲಿ ತೋರಿಸಲಿಕ್ಕಾದರೂ ಏನಿದೆ ಎಂದರೆ ಅಲ್ಲಿ ಇನ್ನೊಂದು ವಿಚಿತ್ರ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ಕೊನೆಯ ಚುನಾವಣೆ ನಡೆದದ್ದು 2016ರಲ್ಲಿ. 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ ಆಡಳಿತಾಧಿಕಾರಿಗಳ ಕೈಯಲ್ಲಿ ನಡೆದವು. ವಿಜಯಪುರ ಜಿಲ್ಲಾ ಪಂಚಾಯಿತಿಯ ಸಾಮಾನ್ಯ ಸಭೆಯನ್ನು ಲೈವ್ ಮಾಡಿ ಎಂದು ಒತ್ತಾಯಿಸಬೇಕೆಂದರೆ ಮೊದಲು ಸದಸ್ಯರು ಬೇಕಲ್ಲ. ಆದ್ದರಿಂದ ಗ್ರಾಮಸಭೆಯಿಂದಲೇ ಶುರುವಾಗಬೇಕು.

ಅದಕ್ಕೆ ಬೆಂಗಳೂರಿನ ಸುತ್ತೋಲೆಗೆ ಕಾಯುವ ಅಗತ್ಯವೂ ನನಗೆ ಕಾಣುವುದಿಲ್ಲ. ಪಂಚಾಯಿತಿಯೇ ಒಂದು ಠರಾವು ಮಾಡಿಕೊಳ್ಳಬಹುದು. ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ಒಂದೇ ಕಡೆ ನಿಲ್ಲಲಿ, ಯಾರ ಮುಖಕ್ಕೂ ಹತ್ತಿರ ಹೋಗುವುದು ಬೇಡ. ಧ್ವನಿ ಸ್ಪಷ್ಟವಿದ್ದರೆ ಚಿತ್ರ ಮಸುಕಾದರೂ ನಡೆಯುತ್ತದೆ, ಹಾಗಾಗಿ ದುಡ್ಡು ಇದ್ದರೆ ಇನ್ನೆರಡು ಮೈಕಿಗೆ ಹಾಕಲಿ, ಒಂದು ಹಿಂದಿನ ಸಾಲಿನ ಹೆಣ್ಣುಮಕ್ಕಳ ತನಕ ಮುಟ್ಟಲಿ. ಪಟ್ಟಿ ಓದುವಾಗ ಖಾಸಗಿ ವಿವರ ಓದುವುದು ಬೇಡ, ಮಕ್ಕಳ ಸಭೆಯಲ್ಲಿ ಪ್ರಶ್ನೆ ಮತ್ತು ಉತ್ತರ ಮಾತ್ರ ಹೊರಗೆ ಹೋಗಲಿ, ಮುಖ ಬೇಡ. ಪೂರ್ತಿ ವಿಡಿಯೊ ಪಂಚಾಯಿತಿ ಹೆಸರಿನ ಖಾತೆಯಲ್ಲಿರಲಿ, ಅಧ್ಯಕ್ಷರ ಅಥವಾ ಅವರ ತಮ್ಮನ ಖಾತೆಯಲ್ಲಲ್ಲ. ಅದರ ಕೆಳಗೆ ಕಾರ್ಯಸೂಚಿ ಮತ್ತು ಯಾವ ವಿಷಯ ಎಷ್ಟನೇ ನಿಮಿಷದಲ್ಲಿ ಬಂತು ಎಂಬ ಪಟ್ಟಿ ಇರಲಿ. ಸಭೆಗೆ ಮೊದಲು ಒಂದು ವಾರ ದೂರದೂರಿನವರ ಪ್ರಶ್ನೆಗಳನ್ನು ವಾಟ್ಸ್‌ಆ್ಯಪ್ ಧ್ವನಿ ಸಂದೇಶದಲ್ಲಿ ತೆಗೆದುಕೊಂಡು, ಸಭೆಯಲ್ಲಿ ಅದನ್ನೇ ಮೈಕಿಗೆ ಹಿಡಿದು ಕೇಳಿಸಿ, ಉತ್ತರವನ್ನು ನಡಾವಳಿಯಲ್ಲಿ ಬರೆಯಬೇಕು. ಮುಂದಿನ ಸಭೆಯ ಮೊದಲ ವಿಷಯ ಸ್ವಾಗತ ಭಾಷಣವಾಗುವ ಬದಲು, ಹಿಂದಿನ ಸಭೆಯಲ್ಲಿ ‘ಒಂದು ತಿಂಗಳೊಳಗ ಮಾಡಿಕೊಡ್ತೀವಿ’ ಎಂದ ಕಡೆಗಳನ್ನಷ್ಟೇ ಪರದೆಯ ಮೇಲೆ ಓಡಿಸುವುದಾಗಲಿ. ಹಾಗೆಂದವರು ಸಭೆಯಲ್ಲಿ ಇದ್ದರೆ ಅವರೇ ಎದ್ದು ಉತ್ತರ ಕೊಡಲಿ, ವರ್ಗವಾಗಿದ್ದರೆ ಅವರ ಜಾಗಕ್ಕೆ ಬಂದವರು ಕೊಡಲಿ.